ಬಾಕಿಮಾರು ಗದ್ದೆಯ ಮೊದಲ ಕೊಯ್ಲು

ಕೃಷಿ ಇಲಾಖೆಗೆ ಹೊಸದಾಗಿ ಸೇರಿದ ಮೂವರು ಹೆಣ್ಣುಮಕ್ಕಳು ಈಚೆಗೆ ಪಡುಬಿದ್ರಿಯ ನಮ್ಮ ಮನೆಗೆ ಬಂದಿದ್ದರು. ನಿವೃತ್ತನಾಗಿ ಮೂರು ವರ್ಷವಾದ ಮುದುಕನನ್ನು ಹುಡುಕಿಕೊಂಡು ಬಂದದ್ದು ಪ್ರೀತಿಯಿಂದ ಅಲ್ಲ, ಬೆಳೆ ಕಟಾವು ಪ್ರಯೋಗ ಮಾಡುವುದು ಹೇಗೆಂದು ಕೇಳಲಿಕ್ಕೆ. ತರಬೇತಿಯಲ್ಲಿ ಹೇಳಿಕೊಟ್ಟಿದ್ದಾರಂತೆ. ಆದರೆ ಅದು ಪರದೆಯ ಮೇಲಿನ ಗದ್ದೆ. ಅಲ್ಲಿ ಕೆಸರಿಲ್ಲ, ಜಿಗಣೆ ಇಲ್ಲ, ಬದುವಿನ ಮೇಲೆ ನಿಂತು ಪ್ರಶ್ನೆ ಕೇಳುವವರೂ ಇಲ್ಲ. ಒಂದು ಲೋಟ ಚಾ ಕುಡಿಯುವಷ್ಟು ಹೊತ್ತಿನಲ್ಲಿ ನಾನು ಹೇಳಿದ್ದು ಅರ್ಧ. ಉಳಿದ ಅರ್ಧವನ್ನು ಇಲ್ಲಿ ಬರೆಯುತ್ತಿದ್ದೇನೆ.

ಕೆಲಸ ಹೇಳಲಿಕ್ಕೆ ಸುಲಭ. ಒಂದು ಪಂಚಾಯತಿನಲ್ಲಿ ಈ ಸಲ ಭತ್ತ ಎಷ್ಟು ಬೆಳೆಯಿತು ಎಂದು ಸರಕಾರಕ್ಕೆ ಗೊತ್ತಾಗಬೇಕು. ಎಲ್ಲ ಗದ್ದೆಗಳನ್ನು ತೂಗಲಿಕ್ಕೆ ಆಗುವುದಿಲ್ಲ. ಹಾಗಾಗಿ ಕೆಲವು ಸರ್ವೆ ನಂಬರುಗಳನ್ನು ಚೀಟಿ ಎತ್ತಿದ ಹಾಗೆ ಮೇಲಿನಿಂದ ಆರಿಸಿ ಕಳಿಸುತ್ತಾರೆ. ನಾವು ಆ ಗದ್ದೆಗೆ ಹೋಗಿ, ಮೂಲೆಯಿಂದ ಇಷ್ಟು ಹೆಜ್ಜೆ ಉದ್ದಕ್ಕೆ, ಇಷ್ಟು ಹೆಜ್ಜೆ ಅಡ್ಡಕ್ಕೆ ಎಂದು ಎಣಿಸಿ, ಗೂಟ ಹೊಡೆದು, ಹಗ್ಗ ಕಟ್ಟಿ, ಐದು ಮೀಟರ್ ಉದ್ದ ಐದು ಮೀಟರ್ ಅಗಲದ ತುಂಡಿನ ಪೈರನ್ನು ಕೊಯ್ಯಬೇಕು. ಅಲ್ಲೇ ಬಡಿದು, ತೂರಿ, ತೂಗಿ, ಬರೆದುಕೊಂಡು, ಭತ್ತವನ್ನು ಗದ್ದೆಯವರಿಗೆ ಹಿಂದೆ ಕೊಡಬೇಕು. ಅಷ್ಟೆ. ಆ ಅಷ್ಟೆಯೊಳಗೆ ನನ್ನ ಮೂವತ್ತನಾಲ್ಕು ವರ್ಷ ಹೋಯಿತು.

ನಾನು ಮೀನುಗಾರರ ಮನೆಯವನು. ನನ್ನ ಅಪ್ಪನಿಗೆ ಗಾಳಿಯ ಹೆಸರು ಗೊತ್ತಿತ್ತೇ ಹೊರತು ಭತ್ತದ ತಳಿಯ ಹೆಸರು ಗೊತ್ತಿರಲಿಲ್ಲ. ನವರಾತ್ರಿಯ ಹೊತ್ತಿಗೆ ನಮ್ಮ ಮನೆಯ ಬಾಗಿಲಿಗೂ ದೋಣಿಗೂ ಹೊಸ ತೆನೆ ಕಟ್ಟುತ್ತಿದ್ದರು, ಅದು ನಿಜ. ಆದರೆ ಅದು ಅಮ್ಮ ಪೇಟೆಯಲ್ಲಿ ಕೊಂಡು ತಂದ ತೆನೆ. ತೆನೆ ಎಂದರೆ ಹೂವಿನ ಅಂಗಡಿಯಲ್ಲಿ, ಮಲ್ಲಿಗೆಯ ಪಕ್ಕದಲ್ಲಿ ಬುಟ್ಟಿಯೊಳಗೆ ಬೆಳೆಯುತ್ತದೆ ಎನ್ನುವಷ್ಟೇ ನನ್ನ ಜ್ಞಾನ. ಇಂಥವನನ್ನು ಕೃಷಿ ಇಲಾಖೆಗೆ ತೆಗೆದುಕೊಂಡರು. ಹಳ್ಳಿಗಳಲ್ಲಿ ನನಗೆ 'ಕಡಲಿನ ಸಾರ್' ಎಂದೇ ಹೆಸರು. ಕೆಲವರು ಹೊಗಳಿ ಕರೆಯುತ್ತಿದ್ದರು, ಹೆಚ್ಚಿನವರು ಹಾಗಲ್ಲ.

ಮೊದಲ ವರ್ಷ ತೆಂಗಿನ ನಾರಿನ ಹಗ್ಗ ಹಿಡಿದುಕೊಂಡು ಹೋಗಿದ್ದೆ. ಮಳೆಗೆ ನೆನೆದ ಹಗ್ಗ ಗಿಡ್ಡವಾಗುತ್ತದೆ ಎನ್ನುವುದು ದೋಣಿ ಕಟ್ಟುವ ಮನೆಯ ಹುಡುಗನಿಗೆ ನೆನಪಾಗಬೇಕಿತ್ತು, ಆಗಲಿಲ್ಲ. ಆ ವರ್ಷ ಪಂಚಾಯತಿನ ಇಳುವರಿ ಕಡಿಮೆಯಾದದ್ದಕ್ಕೆ ಕಂಬಳಿಹುಳ ಕಾರಣ ಎಂದು ವರದಿಯಲ್ಲಿ ಬರೆದಿದ್ದೆ. ಹುಳದ ತಪ್ಪು ಅರ್ಧ, ಹಗ್ಗದ ತಪ್ಪು ಅರ್ಧ.

ಮೇಲಧಿಕಾರಿಗಳೂ ನನಗಿಂತ ಏನೂ ಮೇಲಲ್ಲ. ಬಯಲುಸೀಮೆಯಿಂದ ಬಂದ ಒಬ್ಬರು ಸಾಹೇಬರಿದ್ದರು. ನಮ್ಮ ಕಡೆ ತೋಡಿನ, ಎಂದರೆ ಸಣ್ಣ ಹಳ್ಳದ, ಬದಿಯ ತಗ್ಗಿನ ಗದ್ದೆಗೆ ಬೈಲು, ನಡುವಿನದಕ್ಕೆ ಮಜಲು, ಮಳೆ ನೀರನ್ನೇ ನಂಬಿದ ಎತ್ತರದ ಗದ್ದೆಗೆ ಬೆಟ್ಟು ಎನ್ನುತ್ತಾರೆ. ನಾನು 'ಬೆಟ್ಟು ಗದ್ದೆ' ಎಂದು ಬರೆದ ವರದಿಯನ್ನು ಅವರು ಕೆಂಪು ಶಾಯಿಯಲ್ಲಿ ಗೀಚಿ ಹಿಂದೆ ಕಳಿಸಿದರು. ಹೋಗಿ ಎದುರು ನಿಂತೆ.

"ಏನ್ರೀ ಸದಾನಂದ, ಬೆಟ್ಟದ ಮ್ಯಾಲೆ ಭತ್ತ ಹ್ಯಾಂಗ ಬೆಳೀತಾರ್ರೀ? ಕಚೇರಿಯೊಳಗ ಕುಂತು ಬರದೀರೇನು?"

ಅವರನ್ನು ಜೀಪಿನಲ್ಲಿ ಕೂರಿಸಿಕೊಂಡು ಹೋಗಿ ಬೆಟ್ಟು ಗದ್ದೆ ತೋರಿಸಿದೆ. ಪ್ಯಾಂಟು ಮಡಚಿ ಕೆಸರಿಗೆ ಇಳಿದು ನೋಡಿದರು. ತಪ್ಪಾಯಿತು ಎಂದು ಬಾಯಿಬಿಟ್ಟು ಹೇಳಲಿಲ್ಲ, ಆದರೆ ಕೆಂಪು ಶಾಯಿಯ ಪೆನ್ನನ್ನು ಆಮೇಲೆ ಮೇಜಿನ ಮೇಲೆ ಕಾಣಲಿಲ್ಲ. ಅವರು ಈ ಕತೆಯಲ್ಲಿ ಇನ್ನೊಮ್ಮೆ ಬರುತ್ತಾರೆ.

ಕತೆ ಪಡುಮಜಲಿನದ್ದು. ಕಾಪು ತಾಲೂಕು ಮುಗಿದು ಕಾರ್ಕಳ ತಾಲೂಕು ಶುರುವಾಗುವ ಅಂಚಿನಲ್ಲಿರುವ ಹಳ್ಳಿ. ಬೇಸಾಯದ ಹಳೆಯ ಊರು. ಎಷ್ಟು ಹಳೆಯದು ಎನ್ನುವುದಕ್ಕೆ ಗದ್ದೆಯ ನಡುವೆ ಒಂದು ಶಾಸನದ ಕಲ್ಲು ನಿಂತಿದೆ. ಮೇಲೆ ಸೂರ್ಯ, ಚಂದ್ರ. ಕೆಳಗಿನ ಅಕ್ಷರ ಮಳೆಗೆ ಸವೆದಿದೆ. ಮಣಿಪಾಲದಿಂದ ಬಂದು ಓದಿದವರು ಹೇಳಿದ್ದು ಇಷ್ಟು: ಈ ಕಲ್ಲಿನ ತೆಂಕು ಬದಿಯ ಗದ್ದೆಯನ್ನು ದೇವರ ದೀಪದ ಎಣ್ಣೆಗಾಗಿ ಬಿಟ್ಟದ್ದು, ಗದ್ದೆಯ ಹೆಸರು ಬಾಕಿಮಾರು. ಇವತ್ತಿಗೂ ಆ ಗದ್ದೆಗೆ ಅದೇ ಹೆಸರು. ನಮ್ಮ ತಾಲೂಕು ಕಚೇರಿಯಲ್ಲಿ ಮೂರು ವರ್ಷದ ಹಿಂದಿನ ಕಡತ ಸಿಗುವುದಿಲ್ಲ, ಅದು ಬೇರೆ ಮಾತು.

ನಾನು ಹೋಗುವ ಹೊತ್ತಿಗೆ ಎಣ್ಣೆಯ ಲೆಕ್ಕ ಯಾರಿಗೂ ನೆನಪಿರಲಿಲ್ಲ. ಆದರೆ ಒಂದು ಕ್ರಮ ಉಳಿದಿತ್ತು. ನವರಾತ್ರಿಯೊಳಗೆ ಒಂದು ದಿನ ಊರಿಡೀ ಬೆಳಿಗ್ಗೆ ಬಾಕಿಮಾರಿನ ಬದುವಿಗೆ ಬರುತ್ತದೆ. ಗದ್ದೆಯ ಮನೆಯವರು ದೀಪ ಇಟ್ಟು, ಮೊದಲ ಹಿಡಿ ತೆನೆ ಕೊಯ್ದು ಎಲ್ಲರಿಗೂ ಹಂಚುತ್ತಾರೆ. ಅದನ್ನು ಹರಿವಾಣದಲ್ಲಿ ತಲೆಯ ಮೇಲಿಟ್ಟು, "ಪೊಲಿ, ಪೊಲಿ", ಎಂದರೆ ಹೆಚ್ಚಲಿ, ಹೆಚ್ಚಲಿ, ಎನ್ನುತ್ತಾ ಮನೆಗೆ ಒಯ್ಯುತ್ತಾರೆ. ಮಾವಿನ ಎಲೆ, ಹಲಸಿನ ಎಲೆಯ ಜೊತೆ ನಾರಿನಲ್ಲಿ ಸುತ್ತಿ ಬಾಗಿಲಿಗೆ, ಬಾವಿಕಟ್ಟೆಗೆ, ನೇಗಿಲಿಗೆ ಕಟ್ಟುತ್ತಾರೆ. ಈಗ ಬೈಕಿಗೂ ಫ್ರಿಜ್ಜಿಗೂ ಕಟ್ಟುತ್ತಾರೆ. ಇದಕ್ಕೆ ಮನೆ ತುಂಬಿಸುವುದು ಎಂದು ಹೆಸರು. ಬೇರೆ ಗದ್ದೆಗಳನ್ನು ಯಂತ್ರ ಬಂದ ದಿನ ಕೊಯ್ಯಬಹುದು. ಬಾಕಿಮಾರಿಗೆ ಮಾತ್ರ ಆ ದಿನಕ್ಕೆ ಮೊದಲು ಕತ್ತಿ ತಾಗಬಾರದು.

ನನಗೆ ಇದು ಗೊತ್ತಿರಲಿಲ್ಲ. ಗೊತ್ತು ಮಾಡಿಕೊಳ್ಳಬೇಕಿತ್ತು.

ಗದ್ದೆ ಮಾಡುತ್ತಿದ್ದವರು ಗಿರಿಜಕ್ಕ. ಅರುವತ್ತು ದಾಟಿದವರು, ಗಂಡ ತೀರಿಹೋಗಿ ತವರಿಗೆ ಬಂದು ಇಪ್ಪತ್ತು ವರ್ಷವಾಗಿತ್ತು. ನೇಜಿ, ಎಂದರೆ ಭತ್ತದ ಸಸಿ, ಹಾಕಿಸುವುದರಿಂದ ಭತ್ತ ಒಣಗಿಸುವವರೆಗೆ ಎಲ್ಲ ಅವರದ್ದೇ. ಆದರೆ ಪಹಣಿಯಲ್ಲಿ ಇದ್ದದ್ದು ಅವರ ತಮ್ಮ ರವೀಂದ್ರನ ಹೆಸರು. ಅವರು ಹದಿನಾರನೇ ವಯಸ್ಸಿಗೆ ಮುಂಬೈಗೆ ಹೋಗಿ ಹೋಟೆಲು ನಡೆಸುತ್ತಿದ್ದವರು. ನಮ್ಮ ಪಟ್ಟಿಯಲ್ಲಿ ಇದ್ದದ್ದು ಅವರ ಫೋನ್ ನಂಬರು.

ನಿವೃತ್ತಿಗೆ ಆರೇಳು ವರ್ಷ ಇರುವಾಗ ನಡೆದದ್ದು ಇದು. ಆಗಷ್ಟೇ ಮೊಬೈಲಿನ ಆ್ಯಪ್ ಬಂದಿತ್ತು. ಮೊದಲು ಗ್ರಾಮದ ನಕ್ಷೆ ಬಿಡಿಸಿ, ಬಾವಿ ಎಲ್ಲಿ, ತೋಡು ಎಲ್ಲಿ ಎಂದು ಹೊಂದಿಸಿ ನೋಡಿ ಗದ್ದೆ ಹುಡುಕುತ್ತಿದ್ದೆವು. ಈಗ ಪರದೆಯ ಮೇಲೆ ಒಂದು ನೀಲಿ ಚುಕ್ಕಿ. ಚುಕ್ಕಿ ಸರ್ವೆ ನಂಬರಿನ ಗೆರೆಯೊಳಗೆ ಬಂದರೆ ಅದೇ ಗದ್ದೆ. ನನ್ನಂಥ ಸೋಮಾರಿಗೆ ಇದಕ್ಕಿಂತ ಬೇರೆ ಬೇಕೇ? ನಕ್ಷೆ ಚೀಲದಲ್ಲೇ ಉಳಿಯಿತು.

ಪಟ್ಟಿಯಲ್ಲಿ ಬಾಕಿಮಾರಿನ ನಂಬರು ಬಂದಿತ್ತು. ರವೀಂದ್ರರಿಗೆ ಫೋನ್ ಮಾಡಿದೆ. "ಕೊಯ್ಯಿರಿ ಸಾರ್, ಅದಕ್ಕೆ ಕೇಳುವುದೆಂತ?" ಎಂದರು. ನಾನು ಹೋದ ದಿನ ಗಿರಿಜಕ್ಕ ಕಣ್ಣು ತೋರಿಸಲಿಕ್ಕೆ ಕಾರ್ಕಳಕ್ಕೆ ಹೋಗಿದ್ದರು. ನನ್ನ ಜೊತೆ ಇದ್ದ ಇಬ್ಬರು ಕೆಲಸದವರು ಗದಗದ ಕಡೆಯವರು. ತಡೆಯಲಿಕ್ಕೆ ಊರವರು ಒಬ್ಬರೂ ಹತ್ತಿರ ಇರಲಿಲ್ಲ. ಚುಕ್ಕಿ ಗೆರೆಯೊಳಗೆ ಬಂತು. ಗೂಟ ಹೊಡೆದೆವು, ಕೊಯ್ದೆವು, ತೂಗಿದೆವು, ಫೋಟೊ ತೆಗೆದು ಕಳಿಸಿದೆವು. ಹನ್ನೊಂದು ಗಂಟೆಗೆ ಕೆಲಸ ಮುಗಿದು ಎಳನೀರು ಕುಡಿಯುತ್ತಿದ್ದೆ.

ಬಸ್ಸಿನಿಂದ ಇಳಿದು ಬಂದ ಗಿರಿಜಕ್ಕ ಗದ್ದೆಯ ನಡುವೆ ಚೌಕಾಕಾರವಾಗಿ ಬೋಳಾದ ಜಾಗ ನೋಡಿ ಬದುವಿನಲ್ಲೇ ನಿಂತುಬಿಟ್ಟರು. ಕಣ್ಣಿಗೆ ಮದ್ದು ಹಾಕಿಸಿಕೊಂಡು ಬಂದದ್ದರಿಂದ ಸರಿ ಕಾಣುತ್ತಿಲ್ಲವೇನೋ ಎಂದು ಎರಡು ಸಲ ಕಣ್ಣು ಉಜ್ಜಿಕೊಂಡರು.

"ಇದು ಎಂತ ಮಾಡಿದ್ದು ಸಾರ್ ನೀವು?"

ನಾನು ನಿಯಮ ಹೇಳಿದೆ. ಅವರು ಕ್ರಮ ಹೇಳಿದರು. ಮನೆ ತುಂಬಿಸುವುದಕ್ಕೆ ಇನ್ನು ಎರಡು ದಿನ ಇತ್ತು. ನಾನು ತೂಗಿದ ಭತ್ತದ ಚೀಲ ಮುಂದಿಟ್ಟೆ. ಅವರು ಅದನ್ನು ಮುಟ್ಟಲಿಲ್ಲ.

ಅವರು ಬಯ್ದಿದ್ದರೆ ನಾನು ಸುಧಾರಿಸಿಕೊಳ್ಳುತ್ತಿದ್ದೆ. ಬಯ್ಯಲಿಲ್ಲ. ಚಾವಡಿಯಲ್ಲಿ ಕುಳಿತು, ನನಗೂ ಕುಳಿತುಕೊಳ್ಳಲಿಕ್ಕೆ ಹೇಳಿ, ಸಾವಕಾಶವಾಗಿ ಹೇಳಿದರು. ಬಾಕಿಮಾರು ರಸ್ತೆಗೆ ತಾಗಿದ ಗದ್ದೆ. ರವೀಂದ್ರನಿಗೆ ಅದಕ್ಕೆ ಮಣ್ಣು ಹಾಕಿ ಎತ್ತರಿಸಿ ಮದುವೆ ಹಾಲ್ ಕಟ್ಟುವ ಆಸೆ. ಆದರೆ ತಾಯಿ ಸಾಯುವಾಗ ಅವನು ಒಂದು ಮಾತು ಕೊಟ್ಟಿದ್ದ: ಊರಿನ ತೆನೆ ಇಲ್ಲಿಂದ ಹೋಗುವವರೆಗೆ ಗದ್ದೆ ಮುಟ್ಟುವುದಿಲ್ಲ. ಈಗ ಕತ್ತಿ ತಾಗಿದ ಗದ್ದೆಯಿಂದ ತೆನೆ ಬೇಡ ಎಂದು ಊರವರು ಬೇರೆ ಗದ್ದೆಗೆ ಹೋದರೆ, ಒಂದು ವರ್ಷ ಹೋದದ್ದು ಮತ್ತೆ ಹಿಂದೆ ಬರುವುದಿಲ್ಲ. ರವೀಂದ್ರ ಮಾತು ತಪ್ಪಿದ ಹಾಗೂ ಆಗುವುದಿಲ್ಲ.

"ನಾವು ಮನೆ ತುಂಬಿಸುವುದು ಅಂತೇವೆ, ಅವನು ಗದ್ದೆ ತುಂಬಿಸುವುದು ಅಂತಾನೆ," ಎಂದರು. "ಎರಡೂ ತುಂಬಿಸುವುದೇ ಅಲ್ವಾ. ನನ್ನ ಹೆಸರು ಯಾವ ಕಾಗದದಲ್ಲಿಯೂ ಇಲ್ಲ ಸಾರ್. ನನಗೆ ಇದ್ದ ಕಾಗದ ಆ ತೆನೆ ಒಂದೇ."

ನನಗೆ ನಾಚಿಕೆಯಾಯಿತು. ಬದುವಿನಲ್ಲಿ ನಿಂತು ಒಂದು ಮಾತು ವಿಚಾರಿಸಿದ್ದರೆ ಸಾಕಿತ್ತು. ಆ ಹೆಂಗಸಿನ ಇಪ್ಪತ್ತು ವರ್ಷದ ದುಡಿಮೆಯನ್ನು ನಾನು ಅರ್ಧ ಗಂಟೆಯಲ್ಲಿ ಕೊಯ್ದು ತೂಗಿ ಚೀಲಕ್ಕೆ ಹಾಕಿದ್ದೆ.

ಸುದ್ದಿ ಹಬ್ಬಿತು. ಮರುದಿನ ಸಂಜೆ ಗುರಿಕಾರ ಸಂಜೀವಣ್ಣನ ಅಂಗಳದಲ್ಲಿ ಊರವರು ಸೇರುವುದೆಂದಾಯಿತು. ಗುರಿಕಾರರೆಂದರೆ ಊರಿನ ಕಟ್ಟುಕಟ್ಟಳೆಗೆ ಹಿರಿಯರು. ಸಾಹೇಬರಿಗೆ ಫೋನ್ ಮಾಡಿ ಹೀಗೀಗೆ ಎಂದೆ. "ನಿಮ್ಮ ಪ್ರಯೋಗ ಸರಿ ಐತಿಲ್ಲ? ಮತ್ತ್ಯಾಕ ಊರ ಉಸಾಬರಿ? ಹೋಗಬ್ಯಾಡ್ರಿ," ಎಂದರು. ಪ್ರಯೋಗ ಸರಿ ಇದೆ ಎಂದೇ ನಾನೂ ನಂಬಿದ್ದೆ. ಆದರೂ ಹೋದೆ.

ಅಂಗಳಕ್ಕೆ ಹೋಗುವ ಮೊದಲು ಗಿರಿಜಕ್ಕ ನನ್ನನ್ನು ಗದ್ದೆಯ ಹತ್ತಿರ ಕರೆದುಕೊಂಡು ಹೋದರು.

"ಸಾರ್, ನಿನ್ನೆ ಮದ್ದು ಹಾಕಿದ ಕಣ್ಣಿಗೆ ನನಗೆ ಸರಿ ಕಾಣಲಿಲ್ಲ. ಒಂದು ಕೇಳ್ತೇನೆ. ನಿಮಗೆ ಬೇಕಾದ್ದು ಬಾಕಿಮಾರು. ನೀವು ಕೊಯ್ದದ್ದು ಆ ಕಲ್ಲಿನ ಯಾವ ಬದಿ?"

ನೋಡಿದೆ. ಬೋಳಾದ ಚೌಕ ಕಲ್ಲಿನ ಬಡಗು ಬದಿಯಲ್ಲಿತ್ತು.

"ಬಡಗು ಬದಿಯದ್ದು ಕುಕ್ಕುದಡಿ ಗದ್ದೆ. ಮಾವಿನ ಮರದ ಅಡಿಯದ್ದು. ಮರ ಈಗ ಇಲ್ಲ. ಟಿಲ್ಲರ್ ತಿರುಗಲಿಕ್ಕೆ ಆಗುವುದಿಲ್ಲ ಅಂತ ನಡುವಿನ ಬದು ತೆಗೆಸಿದ್ದು ನಾನೇ, ಎಂಟು ವರ್ಷ ಆಯಿತು. ಈಗಿನವರು ಎಲ್ಲವನ್ನೂ ಬಾಕಿಮಾರು ಅಂತಲೇ ಹೇಳುವುದು. ನಾನು ಹೇಳಿದರೆ ಗದ್ದೆ ಉಳಿಸಲಿಕ್ಕೆ ಸುಳ್ಳು ಹೇಳುತ್ತಾಳೆ ಅಂತಾರೆ. ನಿಮ್ಮ ಕಾಗದದಲ್ಲಿ ಎಂತ ಉಂಟು ನೋಡಿ."

ಚೀಲದಲ್ಲಿ ಮಡಚಿದ್ದ ನಕ್ಷೆ ತೆಗೆದು ಬದುವಿನ ಮೇಲೆ ಹರಡಿದೆ. ಕಲ್ಲಿಗೆ ನಕ್ಷೆಯಲ್ಲಿ ಸಣ್ಣ ಗುರುತಿತ್ತು. ಅದರ ತೆಂಕಿಗೆ ಒಂದು ನಂಬರು, ಬಡಗಿಗೆ ಇನ್ನೊಂದು. ನನ್ನ ಪಟ್ಟಿಯಲ್ಲಿದ್ದದ್ದು ತೆಂಕಿನದ್ದು. ಮೊಬೈಲಿನ ಚುಕ್ಕಿ ಹತ್ತಿಪ್ಪತ್ತು ಹೆಜ್ಜೆ ಆಚೆ ಜಾರಿತ್ತು, ನಾನು ಅದರ ಹಿಂದೆ ಹೋಗಿದ್ದೆ.

ಇದರ ಅರ್ಥ ಹೊಸಬರಿಗೆ ಬಿಡಿಸಿ ಹೇಳಬೇಕು. ನಾನು ಬಾಯಿ ಮುಚ್ಚಿಕೊಂಡರೆ ನನ್ನ ಪ್ರಯೋಗ ಸರಿ, ಗಿರಿಜಕ್ಕನ ಗದ್ದೆ ಹೋಯಿತು. ಬಾಯಿ ಬಿಟ್ಟರೆ ಬಾಕಿಮಾರು ಉಳಿಯಿತು, ನಾನು ತಪ್ಪು ಗದ್ದೆಯಲ್ಲಿ ಪ್ರಯೋಗ ಮಾಡಿ ಸರಕಾರಕ್ಕೆ ತಪ್ಪು ಅಂಕಿ ಕಳಿಸಿದವನಾದೆ. ಕಳಿಸಿದ್ದನ್ನು ಹಿಂದೆ ತೆಗೆಯಲಿಕ್ಕೂ ಆಗುವುದಿಲ್ಲ. ಆ್ಯಪ್‌ನಲ್ಲಿ ನೂರೆಂಟು ಗುಂಡಿಗಳಿವೆ, 'ತಪ್ಪಾಯಿತು' ಎನ್ನುವ ಗುಂಡಿ ಇಲ್ಲ. ಯೋಚಿಸಲಿಕ್ಕೆ ಸಮಯ ಬೇಕಾಗಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಗದ್ದೆಯಿಂದ ಗುರಿಕಾರರ ಅಂಗಳದವರೆಗೆ ಕಾಲು ಮೈಲಿ. ಅಷ್ಟೂ ದೂರ ಯೋಚಿಸಿದೆ.

ಅಂಗಳದಲ್ಲಿ ನಲುವತ್ತು ಜನ ಇದ್ದರು. ಹೊಸ ಅಕ್ಕಿಯ ಊಟಕ್ಕೆಂದು ಮುಂಬೈಯಿಂದ ಬಂದಿದ್ದ ರವೀಂದ್ರ ಒಂದು ಬದಿಯಲ್ಲಿ ಕುರ್ಚಿಯಲ್ಲಿ ಕುಳಿತಿದ್ದರು. ಸಂಜೀವಣ್ಣನಿಗೆ ಎಂಬತ್ತು ದಾಟಿತ್ತು. ಎಲ್ಲರ ಮಾತು ಕೇಳಿ, ಕೊನೆಗೆ ನನ್ನ ಕಡೆ ನೋಡಿದರು.

"ಕಡಲಿನ ಸಾರ್, ನೀವು ಬಾಕಿಮಾರಿಗೆ ಕತ್ತಿ ಹಾಕಿದ್ದು ಹೌದಾ?"

ಎದ್ದು ನಿಂತೆ. "ಇಲ್ಲ ಸಂಜೀವಣ್ಣ. ನನ್ನಿಂದ ತಪ್ಪಾಗಿದೆ. ಬಾಕಿಮಾರಿಗೆ ಹೋಗಬೇಕಾದವನು ಕುಕ್ಕುದಡಿ ಗದ್ದೆಗೆ ಹೋಗಿ ಕೊಯ್ದಿದ್ದೇನೆ," ಎಂದು ನಕ್ಷೆ ಅವರ ಮುಂದಿಟ್ಟೆ. ಅವರಿಗೆ ಓದಲಿಕ್ಕೆ ಕನ್ನಡಕ ಇರಲಿಲ್ಲ. ಪಕ್ಕದ ಶಾಲೆಯ ಟೀಚರು ನಂಬರು ಓದಿದರು, ಕಲ್ಲಿನ ಗುರುತು ತೋರಿಸಿದರು.

ಸಂಜೀವಣ್ಣ ನಕ್ಕರು. ನನ್ನನ್ನು ನೋಡಿಯೇ ನಕ್ಕದ್ದು. "ಮೂವತ್ತು ವರ್ಷ ಆಯಿತು ಮಾರಾಯ ನೀನು ಗದ್ದೆಗೆ ಇಳಿಯಲಿಕ್ಕೆ ಸುರು ಮಾಡಿ. ಇನ್ನೂ ಗದ್ದೆಯ ಗುರ್ತ ಇಲ್ಲ," ಎಂದರು. ನೀವು ಹೋಗಿ ನೀನು ಆಗಿತ್ತು. ಅದು ಪ್ರೀತಿಗೋ ತಾತ್ಸಾರಕ್ಕೋ ನನಗೆ ಗೊತ್ತಾಗಲಿಲ್ಲ. ಆಮೇಲೆ ಜನರ ಕಡೆ ತಿರುಗಿ, "ಕತ್ತಿ ತಾಗಿದ್ದು ಕುಕ್ಕುದಡಿಗೆ. ನಾಳೆ ಎಲ್ಲರೂ ಬಾಕಿಮಾರಿಗೇ ಬನ್ನಿ," ಎಂದರು. ರವೀಂದ್ರ ಕುರ್ಚಿಯಿಂದ ಎದ್ದುಹೋದರು.

ಮರುದಿನ ನಾನೂ ಬದುವಿನಲ್ಲಿ ನಿಂತಿದ್ದೆ. ಗಿರಿಜಕ್ಕ ದೀಪ ಇಟ್ಟು, ಬಗ್ಗಿ ಮೊದಲ ಹಿಡಿ ಕೊಯ್ದರು. ಎಲ್ಲರಿಗೂ ಕೊಟ್ಟು ಕೊನೆಗೆ ನನ್ನ ಕೈಗೂ ನಾಲ್ಕು ತೆನೆ ಇಟ್ಟು, "ಇದು ಪೇಟೆಯದ್ದಲ್ಲ, ಅಮ್ಮನಿಗೆ ಹೇಳಿ," ಎಂದರು. ಅಮ್ಮ ಆಗ ಇದ್ದರು. ತೆನೆಯನ್ನು ಮೂಸಿ ನೋಡಿ, ಇದಕ್ಕೆ ಮಣ್ಣಿನ ವಾಸನೆ ಉಂಟು ಎಂದರು.

ಕಚೇರಿಯಿಂದ ನೋಟಿಸು ಬಂತು. ಕರ್ತವ್ಯಲೋಪಕ್ಕೆ ಶಿಸ್ತು ಕ್ರಮ ಏಕೆ ಕೈಗೊಳ್ಳಬಾರದು ಎಂದು. 'ಗದ್ದೆ ತಪ್ಪಿದ್ದು ನಿಜ. ನಕ್ಷೆ ಚೀಲದಲ್ಲಿದ್ದರೂ ನೋಡಲಿಲ್ಲ' ಎಂದು ಎರಡು ಸಾಲು ಉತ್ತರ ಬರೆದೆ. ಸಾಹೇಬರು ಅದನ್ನು ಎರಡು ಸಲ ಓದಿದರು. "ನೋಟಿಸು ನಾ ಕೊಡಲೇಬೇಕಿತ್ತು. ಇಷ್ಟು ಸಣ್ಣ ಉತ್ತರ ನನ್ನ ಸರ್ವಿಸಿನೊಳಗ ಓದಿದ್ದಿಲ್ಲ," ಎಂದರು. ಆ ನೋಟಿಸಿನಿಂದ ನನಗೆ ಬರಬೇಕಾದ ಬಡ್ತಿ ಒಂದು ಬರಲಿಲ್ಲ. ಅದರ ಕತೆ ಇಲ್ಲಿ ಬರೆಯುವಷ್ಟು ಮುಖ್ಯವಲ್ಲ.

ಗಿರಿಜಕ್ಕ ಆಮೇಲೆ ಏಳು ಬೆಳೆ ತೆಗೆದರು. ಆ ಕಡೆ ಹೋದಾಗಲೆಲ್ಲ ಹೊಕ್ಕು ಬರುತ್ತಿದ್ದೆ, ಕೆಲಸ ಇದ್ದರೂ ಇಲ್ಲದಿದ್ದರೂ. ನಿವೃತ್ತನಾದ ಮೇಲೂ ಹೋಗುತ್ತಿದ್ದೆ. ಒಮ್ಮೆ ದನದ ಹಟ್ಟಿಯ ಮಾಡು ಸೋರುತ್ತದೆ ಎಂದಾಗ ಹತ್ತಿ ಹಂಚು ಸರಿಮಾಡಿಕೊಟ್ಟದ್ದೂ ಉಂಟು. ಕಳೆದ ವರ್ಷ ನಾಟಿ ಮುಗಿಸಿ, ಆಷಾಢದ ಹೊತ್ತಿನ ಆಟಿ ತಿಂಗಳಲ್ಲಿ, ನಾಲ್ಕು ದಿನದ ಜ್ವರಕ್ಕೆ ತೀರಿಕೊಂಡರು. ಪೈರು ಮೊಣಕಾಲೆತ್ತರ ಬಂದಿತ್ತು.

ಇನ್ನು ಗದ್ದೆಯ ಕತೆ ಮುಗಿಯಿತು ಎಂದೇ ಎಣಿಸಿದ್ದೆ. ರವೀಂದ್ರ ಬಂದು ಉತ್ತರಕ್ರಿಯೆ ಮಾಡಿಸಿದರು. ಪೈರು ಇದ್ದ ಹಾಗೆ ಇರಲಿ, ದೀಪಾವಳಿ ಕಳೆದ ಮೇಲೆ ಮಣ್ಣಿನ ಟಿಪ್ಪರಿಗೆ ಹೇಳಿದ್ದೇನೆ ಎಂದು ನನ್ನ ಎದುರೇ ಯಾರಿಗೋ ಹೇಳಿದರು. ಗದ್ದೆ ಅವರದ್ದು. ಚಪ್ಪಲಿ ಮೆಟ್ಟಿ ಹೊರಟು ಬಂದೆ.

ನವರಾತ್ರಿಯಲ್ಲಿ ಒಂದು ಬೆಳಿಗ್ಗೆ, ಏಳು ಗಂಟೆ ಇರಬೇಕು, ರವೀಂದ್ರರ ಫೋನ್ ಬಂತು.

"ಸಾರ್, ಊರವರು ಬಂದಿದ್ದಾರೆ. ಹರಿವಾಣ ಹಿಡಿದುಕೊಂಡು ಬದುವಿನಲ್ಲಿ ನಿಂತಿದ್ದಾರೆ. ನಾನು ಯಾರಿಗೂ ಬರಲಿಕ್ಕೆ ಹೇಳಲಿಲ್ಲ."

"ಎಂತ ಹೇಳುತ್ತಾರೆ?"

"ಎಂತ ಹೇಳುವುದಿಲ್ಲ. ಸುಮ್ಮನೆ ನಿಂತಿದ್ದಾರೆ. ಆರು ಗಂಟೆಯಿಂದ. ಸಂಜೀವಣ್ಣನನ್ನೂ ಎತ್ತಿಕೊಂಡು ಬಂದು ಕುರ್ಚಿ ಹಾಕಿ ಕೂರಿಸಿದ್ದಾರೆ."

"ನಿಮ್ಮ ಮನೆಯವರು ಕೊಯ್ದು ಕೊಡುವವರೆಗೆ ಅವರು ಹೋಗುವುದಿಲ್ಲ ರವಿಯಣ್ಣ," ಎಂದೆ.

"ಮನೆಯವರು ಅಂದರೆ ಈಗ ನಾನೇ ಅಲ್ವಾ."

"ಹೌದು."

ಆಮೇಲೆ ಸ್ವರ ಬಂತು, ಐವತ್ತೆಂಟು ವರ್ಷದ ಹೋಟೆಲಿನ ಯಜಮಾನರ ಸ್ವರದ ಹಾಗೆ ಇರಲಿಲ್ಲ.

"ಸಾರ್, ಅಕ್ಕ ಕತ್ತಿ ಎಲ್ಲಿ ಇಡುತ್ತಾಳೆ?"

ಇಡುತ್ತಿದ್ದಳು ಎನ್ನಲಿಲ್ಲ. ನಾನೂ ತಿದ್ದಲಿಲ್ಲ.

"ಹಟ್ಟಿಯಲ್ಲಿ. ಒಳಗೆ ಹೋಗುವಾಗ ಎಡಗಡೆ, ಮಾಡಿನ ಸಂದಿಯಲ್ಲಿ ಸಿಕ್ಕಿಸಿ ಇಡುತ್ತಾರೆ," ಎಂದೆ.

ಫೋನ್ ಕಟ್ ಮಾಡುವುದನ್ನೂ ಮರೆತು ಅವರು ಅಂಗಳ ದಾಟಿ ಹೋಗುವುದು, ಹಟ್ಟಿಯ ಬಾಗಿಲು ತೆಗೆಯುವುದು ನನಗೆ ಇಲ್ಲಿ ಕೇಳಿಸುತ್ತಿತ್ತು.